ಮೂರನೆಯ ಕೂಗಿನ ಗುಡ್ಡ

ಕಾರೇಹಟ್ಟಿಯ ಪಡುವಣಕ್ಕೆ, ಊರ ಕೊನೆಯ ಹುಣಸೆಮರ ದಾಟಿದ ಕೂಡಲೇ ಏರು ಶುರುವಾಗುತ್ತದೆ. ಗುಡ್ಡವೇನೂ ದೊಡ್ಡದಲ್ಲ. ಮೊಣಕಾಲು ಗಟ್ಟಿಯಿದ್ದವರು ಅರ್ಧ ಗಂಟೆಯಲ್ಲಿ ಹತ್ತಿಬಿಡುತ್ತಾರೆ. ನನ್ನಂಥ ನಿವೃತ್ತ ಮೇಷ್ಟರು ದಾರಿಯಲ್ಲಿ ಎರಡು ಕಡೆ ಕೂತು, ನೀರು ಕುಡಿದು, ಕಾಲನ್ನು ಬೈದುಕೊಂಡು ಹತ್ತಬೇಕು. ಎರಡೂ ಬದಿಗೆ ಮನೆಗಾತ್ರದ ಗುಂಡುಗಳು, ಅವುಗಳ ಸಂದಿಯಲ್ಲಿ ಸೀತಾಫಲದ ಗಿಡ, ಕಾರೆಮುಳ್ಳು, ಬಿಸಿಲಿಗೆ ಮೈಯೊಡ್ಡಿ ಕೂತ ಓತಿಕೇತ. ಮೇಲೆ ಹೋದರೆ ಪಾಳೆಯಗಾರರ ಕಾಲದ ಕೋಟೆಯೊಂದರ ಅಳಿದುಳಿದ ಗೋಡೆ, ಮಣ್ಣು ತುಂಬಿದ ಕಣಜ, ಬೇಸಿಗೆಯಲ್ಲೂ ಒಂದು ಬೊಗಸೆ ನೀರು ಉಳಿಸಿಕೊಳ್ಳುವ ಸಣ್ಣ ದೊಣೆ. ಬಡಗಣ ಮೂಲೆಯಲ್ಲಿ ಒಂದು ದಿಡ್ಡಿ ಬಾಗಿಲಿದೆ. ಎರಡು ನಿಲುವುಗಲ್ಲು, ಮೇಲೊಂದು ಅಡ್ಡಗಲ್ಲು, ಒಬ್ಬ ಮನುಷ್ಯ ತಲೆ ತಗ್ಗಿಸಿ ನುಸುಳುವಷ್ಟು ಜಾಗ. ಕದಗಳಿಲ್ಲ. ಭಾನುವಾರ ಬೈಕಿನಲ್ಲಿ ಬರುವ ಹುಡುಗರು ಈ ಬಾಗಿಲಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಆಮೇಲೆ ಹೋ ಎಂದು ಕೂಗಿ ಮಾರ್ದನಿಗೆ ಕಿವಿಗೊಡುತ್ತಾರೆ. ಇಷ್ಟು ಬಂಡೆಗಳ ನಡುವೆಯೂ ಅಲ್ಲಿ ಮಾರ್ದನಿ ಏಳುವುದಿಲ್ಲ. ಕೂಗಿದ್ದು ಎಲ್ಲೋ ಒಳಗೆ ಹೋಗಿ ಕೂತುಬಿಟ್ಟಂತೆ ತಟ್ಟನೆ ನಿಂತುಹೋಗುತ್ತದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಗಲು ನೋಡಿ, ಸ್ವಲ್ಪ ಬೇಗನೆ ಇಳಿದುಬಿಡುತ್ತಾರೆ.

ಸರ್ವೆ ನಕ್ಷೆಯಲ್ಲಿ ಈ ಗುಡ್ಡಕ್ಕೆ ಹೆಸರಿಲ್ಲ, ಎತ್ತರದ ಅಂಕಿ ಮಾತ್ರ ಇದೆ. ಸುತ್ತಲಿನ ಹಳ್ಳಿಯವರು ಮಾತ್ರ ಇದನ್ನು ಮೂರನೇ ಕೂಗಿನ ಗುಡ್ಡ ಎನ್ನುತ್ತಾರೆ. ಪಕ್ಕದ ಊರಿನ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನಾನು ಈ ಹೆಸರನ್ನು ಬಹಳ ಕಾಲ ತಮಾಷೆ ಮಾಡಿದವನು. ಮೊದಲನೆಯದು, ಎರಡನೆಯದು ಯಾವ ಗುಡ್ಡದಲ್ಲಿವೆ ಎಂದು ಕೇಳಿ ನಗಿಸುತ್ತಿದ್ದೆ. ಒಂದು ದಿನ ಕಾರೇಹಟ್ಟಿಯ ಸಣ್ಣತಿಮ್ಮಕ್ಕ ಎಂಬ ಮುದುಕಿ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು, 'ಓದಿದೋರು ನಗೋಕೆ ಮುಂಚೆ ಕೇಳ್ಬೇಕು ಕಣ್ರೀ ಮೇಷ್ಟ್ರೆ' ಎಂದು ಶುರುಮಾಡಿದಳು. ಮುಗಿಸುವ ಹೊತ್ತಿಗೆ ನನಗೆ ನಗುವ ಮನಸ್ಸು ಉಳಿದಿರಲಿಲ್ಲ. ಆಮೇಲೆ ಇನ್ನೂ ನಾಲ್ಕಾರು ಹಿರಿಯರಲ್ಲಿ ವಿಚಾರಿಸಿದೆ. ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಎಲ್ಲರೂ ಹೇಳಿದ್ದು ಒಂದೇ ಕತೆ.

ಕತೆಗೆ ಮೊದಲು ಒಂದು ಕಟ್ಟಳೆಯನ್ನು ತಿಳಿದುಕೊಳ್ಳಬೇಕು. ಸತ್ತವರಿಗೆ ಎರಡೇ ಕೂಗು ಎಂಬುದು ಆ ಸೀಮೆಯ ಹಳೆಯ ನಂಬಿಕೆ. ಮಸಣದಿಂದ ಎದ್ದು ಬಂದದ್ದು ನಮ್ಮವರ ದನಿಯಲ್ಲೇ ಬಾಗಿಲಲ್ಲಿ ನಿಂತು ಕೂಗುತ್ತದೆ. ಒಮ್ಮೆ ಕೂಗಬಲ್ಲದು, ಎರಡು ಸಲ ಕೂಗಬಲ್ಲದು. ಮೂರನೆಯದಕ್ಕೆ ಉಸಿರು ಬೇಕು, ಅದು ಬದುಕಿದವರಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಮಬ್ಬಿನಲ್ಲಿ, ಮಂಜಿನಲ್ಲಿ, ಮುಖ ಕಾಣದ ಹೊತ್ತಿನಲ್ಲಿ ಹೊರಗಿನಿಂದ ಯಾರೇ ಕೂಗಿದರೂ ಮೂರು ಸಲ ಕೂಗುವವರೆಗೆ ಓಗೊಡಬಾರದು, ಅಗುಳಿ ತೆಗೆಯಬಾರದು. ಕೂಗುವವರೂ ಅವಸರ ಮಾಡುವಂತಿಲ್ಲ. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಎಲೆಗೆ ಸುಣ್ಣ ಸವರಿ ಮಡಿಸುವಷ್ಟು ಹೊತ್ತು ಬಿಡಬೇಕು; ಒಂದೇ ಉಸಿರಿಗೆ ಮೂರು ಕೂಗಿದರೆ ಅದು ಒಂದೇ ಕೂಗು. ಈಗಲೂ ಸುತ್ತಲಿನ ಊರುಗಳಲ್ಲಿ ಈ ರೂಢಿ ಇದೆ. ನಮ್ಮ ತಾಯಿ ನಾವು ಹೊರಗಿನಿಂದ ಎಷ್ಟು ಚೀರಿದರೂ ಮೂರನೆಯ ಕೂಗಿಗೇ ಬಾಗಿಲು ತೆಗೆಯುತ್ತಿದ್ದಳು, ಮಳೆಯಲ್ಲಿ ನೆನೆಯುತ್ತಿದ್ದರೂ ಅಷ್ಟೇ.

ಬಹಳ ಹಿಂದೆ, ಒಬ್ಬರ ಕೋಟೆಯನ್ನು ಇನ್ನೊಬ್ಬರು ಕಿತ್ತುಕೊಳ್ಳುವುದೇ ದೊರೆಗಳ ಕಸುಬಾಗಿದ್ದ ಕಾಲದಲ್ಲಿ, ಈ ಗುಡ್ಡದ ಮೇಲೆ ಒಬ್ಬ ನಾಯಕನ ಕೋಟೆಯಿತ್ತು ಎನ್ನುತ್ತಾರೆ. ದಿಡ್ಡಿ ಬಾಗಿಲನ್ನು ಕಾಯುತ್ತಿದ್ದವನು ಕಾಟಯ್ಯ. ಆಳು ದಪ್ಪ, ಮಾತು ಕಡಿಮೆ, ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ. ಬಾಗಿಲ ಪಕ್ಕದ ಗುಡಿಸಲಿನಲ್ಲಿ ಬೋರಕ್ಕ ಎಂಬ ವಿಧವೆ ಇದ್ದಳು. ಕಾವಲಿನವರಿಗೆ ಬೆಳಗಿನ ಅಂಬಲಿ ಕಾಯಿಸಿ ಕೊಡುವುದು ಅವಳ ಕೆಲಸ. ಅವಳಿಗೆ ಇದ್ದವನು ಒಬ್ಬನೇ ತಮ್ಮ, ಪಾಲಯ್ಯ. ತಾಯಿ ಸಿಡುಬಿನಲ್ಲಿ ಹೋದಾಗ ಅವನಿನ್ನೂ ತೆವಳುತ್ತಿದ್ದ ಕೂಸು. ಸೊಂಟದ ಮೇಲೆ ಹೊತ್ತು, ತುತ್ತಿಟ್ಟು ಸಾಕಿದವಳು ಇವಳೇ. ಪಾಲಯ್ಯನಿಗೆ ಕವಣೆ ಬೀಸುವುದನ್ನು, ಆಡು ಹತ್ತುವ ಜಾಡಿನಲ್ಲಿ ಕಲ್ಲು ಉರುಳಿಸದೆ ಕಾಲಿಡುವುದನ್ನು ಕಲಿಸಿದವನು ಕಾಟಯ್ಯ. ಬೋರಕ್ಕ ಅವನನ್ನು ಕಾಟಣ್ಣ ಎಂದು ಕರೆಯುತ್ತಿದ್ದಳು. ಅಂಬಲಿಗೆ ಉಪ್ಪು ಸಾಲದು ಎಂದು ಅವನು ದಿನಾ ಗೊಣಗುವುದು, ನಾಲಿಗೆ ಸುಟ್ಟಿರಬೇಕು ನೋಡಿಕೋ ಎಂದು ಅವಳು ದಿನಾ ತಿರುಗಿ ಹೇಳುವುದು, ಹೀಗೆ ಮೂರು ಜನ ಒಂದೇ ಒಲೆಯ ಸುತ್ತ ಬದುಕಿದ್ದರು.

ಒಂದು ಮಾಗಿಯಲ್ಲಿ ಬಯಲಿನ ದೊರೆಯೊಬ್ಬನ ದಂಡು ಬಂದು ಗುಡ್ಡದ ಸುತ್ತ ಬೀಡುಬಿಟ್ಟಿತು. ಆಗ ಪಾಲಯ್ಯನಿಗೆ ಇಪ್ಪತ್ತು ತುಂಬಿರಬೇಕು. ಕಾಲು ಚುರುಕಾದ ಹುಡುಗರನ್ನು ಆರಿಸಿ ನಾಯಕ ಕೆಳಗೆ ಬೇಹಿಗೆ ಕಳಿಸಿದಾಗ ಇವನೂ ಹೋದ. ಹದಿನೈದು ದಿನ ಸುದ್ದಿಯಿಲ್ಲ. ಹದಿನಾರನೆಯ ದಿನ ಬೆಳಗ್ಗೆ ಎಂಥ ಮಂಜು ಕವಿಯಿತೆಂದರೆ, ಚಾಚಿದ ಕೈಯ ಬೆರಳು ಕಾಣುತ್ತಿರಲಿಲ್ಲವಂತೆ. ಬೋರಕ್ಕ ಒಲೆಯ ಮುಂದೆ ಕೂತು ಅಂಬಲಿ ತಿರುವುತ್ತಿದ್ದಳು. ಕಾಟಯ್ಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಆಗ ಹೊರಗಿನಿಂದ ಒಂದು ಕೂಗು ಬಂತು.

'ಅಕ್ಕಾ...'

ಕಾಟಯ್ಯ ಎದ್ದು ಅಗುಳಿಯ ಮೇಲೆ ಕೈಯಿಟ್ಟ. ಎಲೆಗೆ ಸುಣ್ಣ ಸವರಿ ಮಡಿಸುವಷ್ಟು ಹೊತ್ತು ಕಳೆಯಿತು. ಮತ್ತೆ, ಅದೇ ದನಿ, ಅದೇ ಎಳೆತ: 'ಅಕ್ಕಾ...' ಇನ್ನೊಂದು ಎಲೆ ಮಡಿಸುವಷ್ಟು ಹೊತ್ತು ಕಳೆಯಿತು. ಮೂರನೆಯದು ಬರಲಿಲ್ಲ. ಬದಲಿಗೆ ಏನೋ ಕದಕ್ಕೆ ತಗುಲಿ ಜಾರಿದ ಸದ್ದು, ಅದರ ಹಿಂದೆಯೇ ಹತ್ತಾರು ಕಾಲುಗಳ ಸದ್ದು, ಕದದ ಮೇಲೆ ಕೊಡಲಿಯ ಏಟು. ಕಾಟಯ್ಯ ನಗಾರಿ ಬಾರಿಸಿದ. ಗೋಡೆಯ ಮೇಲಿನಿಂದ ಕಲ್ಲು ಉರುಳಿದವು, ಬಾಣ ಹೋದವು. ಮಂಜಿನಲ್ಲಿ ಕಳ್ಳದಾರಿ ಹಿಡಿದು ಹತ್ತಿದ್ದ ಹಗೆಯ ಗುಂಪು ಹೆಣಗಳನ್ನು ಬಿಟ್ಟು ಓಡಿತು. ಹೊತ್ತೇರಿ ಮಂಜು ಕರಗಿದಾಗ ಬಾಗಿಲು ತೆಗೆದರು. ಹೊಸಿಲಿಗೆ ಒಂದು ಮೊಳ ದೂರದಲ್ಲಿ ಪಾಲಯ್ಯ ಬಿದ್ದಿದ್ದ, ಬೆನ್ನಿನಲ್ಲಿ ಈಟಿ ಇತ್ತು. ಹಗೆ ಹತ್ತಿ ಬರುತ್ತಿರುವ ಸುದ್ದಿಯನ್ನು ಅಕ್ಕನಿಗೆ, ಕೋಟೆಗೆ ಮುಟ್ಟಿಸಲು ಓಡಿ ಬಂದವನು, ಅಟ್ಟಿ ಬರುತ್ತಿದ್ದವರ ಉಸಿರು ಕುತ್ತಿಗೆಗೆ ತಾಗುತ್ತಿದ್ದರೂ, ಊರ ಕಟ್ಟಳೆಯಂತೆ ಕೂಗು ಕೂಗಿಗೂ ಬಿಡುವು ಕೊಟ್ಟು ಕಾದಿದ್ದ.

ಎಲ್ಲರೂ ಕಾಟಯ್ಯನನ್ನು ಹೊಗಳಿದರು. ನಾಯಕನೇ ಬಂದು ಅವನ ಕೈಗೆ ಬೆಳ್ಳಿಯ ಕಡಗ ತೊಡಿಸಿ, ನೀನು ಎರಡನೆಯ ಕೂಗಿಗೆ ತೆಗೆದಿದ್ದರೆ ಅವನ ಹಿಂದೆಯೇ ಹಗೆ ಒಳನುಗ್ಗುತ್ತಿತ್ತು, ಇಷ್ಟು ಹೊತ್ತಿಗೆ ಕೋಟೆ ಸ್ಮಶಾನವಾಗಿರುತ್ತಿತ್ತು ಎಂದ. ಅವನು ಹೇಳಿದ್ದು ನಿಜವೇ, ಕಷ್ಟವೂ ಅದೇ. ತಪ್ಪು ಮಾಡಿದವನನ್ನು ಬೈದು, ಅತ್ತು, ಕೊನೆಗೊಂದು ದಿನ ಹೋಗಲಿ ಬಿಡು ಎಂದುಬಿಡಬಹುದು. ಸರಿ ಮಾಡಿದವನನ್ನು ಕ್ಷಮಿಸುವುದು ಹೇಗೆ? ಕ್ಷಮಿಸುತ್ತೇನೆ ಎನ್ನುವುದಕ್ಕೆ ಅಲ್ಲಿ ಹಿಡಿಯಲು ಒಂದು ಜಾಗವೂ ಸಿಗುವುದಿಲ್ಲ. ತಮ್ಮನನ್ನು ಮಣ್ಣು ಮಾಡಿ ಬಂದ ಬೋರಕ್ಕ ಕಾಟಯ್ಯನ ಮುಂದೆ ನಿಂತು ಹೇಳಿದ್ದು ಒಂದೇ ಮಾತು. 'ನೀನು ಸರಿಯಾಗೇ ಮಾಡ್ದೆ. ಹಂಗಂತ ನನ್ನ ಕಣ್ಣೆದುರಿಗೆ ಬರಬ್ಯಾಡ.' ಅಂದಿನಿಂದ ಅವನ ಪಾಲಿನ ಅಂಬಲಿ ಇನ್ನೊಬ್ಬರ ಕೈಯಲ್ಲಿ ಹೋಗುತ್ತಿತ್ತು. ಅವನ ನೆರಳು ಮಡಕೆಯ ಮೇಲೆ ಬಿದ್ದರೆ ಆ ಮಡಕೆಯನ್ನೇ ಬೋರಲು ಹಾಕುತ್ತಿದ್ದಳು. ಅಣ್ಣ ಎನ್ನುವುದಿರಲಿ, ಅವನ ಹೆಸರನ್ನೂ ಬಾಯಲ್ಲಿ ಎತ್ತಲಿಲ್ಲ. ಕಾಟಯ್ಯ ಆ ಕಡಗವನ್ನು ಮೂರನೆಯ ದಿನ ಕಳಚಿ ದೊಣೆಗೆ ಎಸೆದ ಎನ್ನುತ್ತಾರೆ.

ಹನ್ನೊಂದನೆಯ ದಿನ ಪಾಲಯ್ಯನಿಗೆ ಎಡೆ ಇಟ್ಟರು. ಮಾರನೆಯ ಬೆಳಗ್ಗೆ ಮತ್ತೆ ಮಂಜು ಇಳಿಯಿತು. ಕೋಟೆಯ ನಾಯಿಗಳು ಒಂದೊಂದಾಗಿ ಎದ್ದು ಬಂದು ದಿಡ್ಡಿ ಬಾಗಿಲಿಗೆ ಮುಖ ಮಾಡಿ ಸಾಲಾಗಿ ಕೂತವು. ಬೊಗಳಲಿಲ್ಲ, ಕಿವಿ ಮಾತ್ರ ನಿಮಿರಿಸಿದ್ದವು. ಕಾಟಯ್ಯ ಏನಾಯಿತೆಂದು ಏಳುವಷ್ಟರಲ್ಲಿ ಕದದ ಆಚೆಯಿಂದ, ಬೆಳಗಿನ ಆಕಳಿಕೆಯಷ್ಟು ಸಹಜವಾಗಿ, 'ಅಕ್ಕಾ...' ಎಂಬ ಕೂಗು ಬಂತು. ಎಲೆ ಮಡಿಸುವಷ್ಟು ಹೊತ್ತು ಬಿಟ್ಟು ಇನ್ನೊಂದು. ಆಮೇಲೆ ಏನೂ ಇಲ್ಲ. ಗುಡಿಸಲಿನಲ್ಲಿ ಬೋರಕ್ಕನ ಕೈಯ ಸೌಟು ಮಡಕೆಯೊಳಕ್ಕೆ ಬಿತ್ತು. ಕಾಟಯ್ಯ ತಡೆಯಲಾರದೆ ಅಗುಳಿ ಸರಿಸಿ ಕದ ತೆಗೆದೇಬಿಟ್ಟ. ಹೊರಗೆ ಮಂಜು ಬಿಟ್ಟರೆ ಏನೂ ಇರಲಿಲ್ಲ. ಆದರೆ ಇಬ್ಬನಿಯಲ್ಲಿ ತೊಯ್ದ ಬಂಡೆಯ ಮೇಲೆ ಎರಡು ಪಾದಗಳಷ್ಟು ಅಗಲ ಮಾತ್ರ ಒಣಗಿತ್ತು, ಯಾರೋ ಇರುಳೆಲ್ಲ ನಿಂತಲ್ಲೇ ನಿಂತಿದ್ದ ಹಾಗೆ.

ಆ ಮಾಗಿ ಪೂರ್ತಿ ಮಂಜು ಬಿದ್ದ ಬೆಳಗೆಲ್ಲ ಇದೇ ಆಯಿತು. ಹಿರಿಯರು ಕಾಟಯ್ಯನನ್ನು ಗದರಿದರು. ಎರಡು ಕೂಗಿಗೆ ಬಾಗಿಲು ತೆಗೆದರೆ ಬರುವುದು ಪಾಲಯ್ಯನಲ್ಲ, ಅವನ ದನಿ ಹೊದ್ದ ಇನ್ನೇನೋ ಬಂದೀತು ಎಂದರು. ಲಿಂಬೆಹಣ್ಣು ಕುಯ್ದರು, ಕರಿಕೋಳಿ ಬಿಟ್ಟರು, ಬಂಡೆಗೆ ಅರಿಶಿನದ ನೀರು ಹಾಕಿದರು. ಮಾರನೆಯ ಮಂಜಿಗೆ ಅರಿಶಿನದ ನಡುವೆ ಎರಡು ಪಾದದಗಲ ಒಣಗಿತ್ತು. ಕೊನೆಗೆ ಮಾರಮ್ಮನ ಪೂಜಾರಿಯನ್ನು ಕರೆಸಿದರು. ಅವನು ಮುದುಕ, ಹಲ್ಲಿಲ್ಲದವನು, ಮಾತಿಗೆ ಮೊದಲು ಅಂಬಲಿ ಕೇಳಿ ಕುಡಿದ. ಆಮೇಲೆ ಬಾಗಿಲ ಹತ್ತಿರ ಹೋಗಿ ಕದಕ್ಕೆ ಅಂಗೈ ಒತ್ತಿ ನೋಡಿ ಹೇಳಿದ: 'ಇದು ದೆವ್ವ ಅಲ್ಲಪ್ಪ, ಮುಗೀದಿರೋ ಕೂಗು. ಮೂರನೇದು ಕೂಗಂಗಿಲ್ಲ, ಉಸಿರಿಲ್ಲ. ಕೂಗದೆ ಒಳಗೂ ಬರಂಗಿಲ್ಲ, ಮುಂದಕ್ಕೂ ಹೋಗಂಗಿಲ್ಲ. ಒಂದೇ ಹೊಟ್ಟೇಲಿ ಹುಟ್ಟಿದೋರು ಅವನ ಪಕ್ಕ ನಿಂತು, ಬಾಗ್ಲು ಕಾಯೋನ ಹೆಸರು ಹಿಡಿದು ಆ ಕೂಗು ಮುಗಿಸ್ಬೇಕು.'

ಎಲ್ಲರೂ ಬೋರಕ್ಕನ ಕಡೆ ನೋಡಿದರು. ಅವಳು ಎದ್ದು ನಿಂತು, 'ಆ ಹೆಸರು ನನ್ನ ಬಾಯಾಗೆ ಬರಲ್ಲ' ಎಂದಳು. ಪೂಜಾರಿ ತಲೆಯಾಡಿಸಿದ. 'ಬಂದ್ರೂ ಬರೀ ಬಾಯಾಗೆ ಬಂದ್ರೆ ಆಗಲ್ಲ ಕಣವ್ವ. ಹೊಟ್ಟೆಯಾಗೆ ಕಿಚ್ಚಿಟ್ಕಂಡು ಕೂಗಿದ್ರೆ ಬಾಗ್ಲು ತೆರೀತದೆ, ಅವನು ಬರಲ್ಲ' ಎಂದು ಹೇಳಿ ಕೋಲೂರಿಕೊಂಡು ಇಳಿದುಹೋದ. ಹೀಗೆ ಆ ಹೆಣ್ಣಿನ ಪಾಲಿಗೆ ಒಂದು ಇಕ್ಕಟ್ಟು ಬಂದು ಕೂತಿತು. ತಮ್ಮನನ್ನು ಚಳಿಯಿಂದ ಒಳಗೆ ಕರೆದುಕೊಳ್ಳಬೇಕೆಂದರೆ, ಅವನಿಗೆ ಬಾಗಿಲು ತೆಗೆಯದವನನ್ನು ಮನಸಾರೆ ಕರೆಯಬೇಕು.

ಕರೆಯಲಿಲ್ಲ. ಒಂದು ಮಾಗಿ ಹೋಯಿತು, ಇನ್ನೊಂದು ಬಂತು. ಅಷ್ಟರಲ್ಲಿ ದಂಡು ಬೀಡು ಕಿತ್ತು ಹೋಗಿತ್ತು, ದೊರೆಗಳು ರಾಜಿಯಾಗಿ ವೀಳ್ಯ ಬದಲಾಯಿಸಿಕೊಂಡಿದ್ದರು. ಸತ್ತವರ ಮನೆಯವರನ್ನು ಯಾರೂ ಕೇಳಲಿಲ್ಲ. ದೊರೆಗಳ ರಾಜಿ ಯಾವ ಕಾಲದಲ್ಲೂ ಹಾಗೆಯೇ. ಬೆಳಗಿನ ಕಾವಲಿಗೆ ಬೇರೆ ಯಾರೂ ಬರಲೊಪ್ಪದೆ ಕಾಟಯ್ಯನೊಬ್ಬನೇ ಉಳಿದ. ಅವನ ದಪ್ಪ ಮೈ ಕರಗಿ ಮೂಳೆ ಕಾಣತೊಡಗಿತು. ಮಂಜು ಬಿದ್ದ ಬೆಳಗ್ಗೆ ಹೆಂಗಸರು ಮಕ್ಕಳ ಕಿವಿಗೆ ಬಟ್ಟೆ ಸುತ್ತಿ ಮಲಗಿಸುತ್ತಿದ್ದರು. ಬೋರಕ್ಕ ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ. ಒಲೆಯ ಮುಂದೆ ಕೂತು ಎರಡು ಕೂಗನ್ನೂ ಪೂರ್ತಿ ಕೇಳಿಸಿಕೊಂಡು, ಕಣ್ಣೊರೆಸಿಕೊಂಡು, ಸೌಟು ತಿರುವುತ್ತಿದ್ದಳು. ಅವಳ ಅಂಬಲಿ ತಳ ಹತ್ತುವುದು ಆಗಿನಿಂದ ಶುರುವಾಯಿತು.

ನಾಲ್ಕನೆಯ ಮಾಗಿಯಲ್ಲಿ ಒಂದು ಬೆಳಗ್ಗೆ ಅವಳು ಸೌದೆಗೆಂದು ಹೊರಬಂದಾಗ ದಿಡ್ಡಿ ಬಾಗಿಲು ಓರೆಯಾಗಿದ್ದುದು ಕಂಡಿತು. ಕಾಟಯ್ಯ ಕೂರುವ ಜಾಗ ಖಾಲಿ. ಹಗೆಯೋ ಕಳ್ಳರೋ ಎಂದುಕೊಂಡು ಸೌದೆಯ ತುಂಡನ್ನೇ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಹೊರಗೆ ನುಸುಳಿದಳು. ಮಂಜು ಗೋಡೆಯಂತೆ ನಿಂತಿತ್ತು. ನಾಲ್ಕು ಹೆಜ್ಜೆ ಇಟ್ಟಾಗ ಒಂದು ಆಕಾರ ಕಂಡಿತು. ಕಾಟಯ್ಯ ಬರಿಮೈಯಲ್ಲಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹಲ್ಲು ಕಡಿಯುತ್ತ ನಿಂತಿದ್ದ. ಅವನ ಕಂಬಳಿ ಪಕ್ಕದಲ್ಲಿತ್ತು. ಬಂಡೆಯ ಮೇಲೆ, ಆ ಎರಡು ಪಾದಗಳ ಗುರುತು ಮೂಡುವ ಜಾಗದಲ್ಲಿ, ಯಾರದೋ ಕಾಲಿಗೆ ಬೆಚ್ಚಗಿರಲೆಂದು ಸುತ್ತಿಟ್ಟಂತೆ ಇಟ್ಟಿದ್ದ.

ಮೂರು ವರ್ಷದಲ್ಲಿ ಅವಳು ಅವನೊಡನೆ ಆಡಿದ ಮೊದಲ ಮಾತು ಗದರಿಕೆಯದೇ. 'ಬಾಗ್ಲು ಬಿಟ್ಟು ಹೊರಗೆ ಬಂದು ನಿಂತಿದೀಯ. ಕಾವಲು ಯಾರು ಮಾಡ್ಬೇಕು?'

'ದಂಡು ಹೋಗಿ ಎರಡು ವರ್ಷ ಆತು ಬೋರವ್ವ' ಎಂದ ಕಾಟಯ್ಯ. 'ಈ ಹೊತ್ತಿಗೆ ಇಲ್ಲಿಗೆ ಬರೋನು ಅವನೊಬ್ಬನೇ.'

'ಕಂಬಳಿ ಯಾಕೆ?'

'ಚಳಿ ಅಲ್ವಾ.' ಬಗ್ಗಿ ಕಂಬಳಿಯ ಅಂಚು ಸರಿಮಾಡಿ ಮತ್ತೆ ಹೇಳಿದ. 'ಒಳಗೆ ಕರೆಯಂಗಿಲ್ಲ. ಜೊತೆಗಾದ್ರೂ ನಿಲ್ಲಾನ ಅಂತ ಮಂಜು ಬಿದ್ದಾಗೆಲ್ಲ ಬತ್ತೀನಿ. ಆವತ್ತು ನಾನು ಮೊದಲನೇ ಕೂಗಿಗೇ ಗುರುತು ಹಿಡ್ದೆ. ಅವನೇ ಅಂತ ನನ್ನ ಕೈಗೆ ಗೊತ್ತಿತ್ತು, ಕಾಲಿಗೆ ಗೊತ್ತಿತ್ತು. ಆದ್ರೂ ಎಣಿಸ್ಕಂಡು ನಿಂತೆ.'

ಬೋರಕ್ಕ ಸೌದೆಯ ತುಂಡನ್ನು ಕೆಳಗೆ ಬಿಟ್ಟು ಬಂಡೆಯ ಮೇಲೆ ಕುಸಿದು ಕೂತಳು. ಮೂರು ವರ್ಷದಿಂದ ಯಾರಿಗೂ ಹೇಳದ ಮಾತು ಆಗ ಹೊರಬಂತು. 'ಅವನು ಕೂಗಿದ್ದು ನಿನ್ನಲ್ಲ, ನನ್ನ. ಅಕ್ಕಾ ಅಂದ. ನಾನೂ ಒಲೆ ಮುಂದೆ ಕೂತು ಎಣಿಸ್ತಿದ್ದೆ. ಒಂದಾತು, ಎರಡಾತು, ಇನ್ನೊಂದು ಬರ್ಲಿ ಅಂತ. ನನ್ನ ಕೂಸು ಕಣೋ ಅದು. ಎದ್ದು ಓಡಿಬಂದು ತೆಗಿ ಅಂತ ನಿನ್ನ ಕೈ ಹಿಡಿದು ಎಳೀಲಿಲ್ಲ. ಎಣಿಸ್ತಿದ್ದೆ.' ಹೇಳುತ್ತ ಹೇಳುತ್ತ ಅವಳು ಗಟ್ಟಿಯಾಗಿ ಅತ್ತಳು. ಅವನ ಮೇಲಿನ ಸಿಟ್ಟೆಲ್ಲ ತನ್ನ ಮೇಲಿನ ಸಿಟ್ಟಿಗೆ ಹೊದಿಸಿದ ಬಟ್ಟೆಯಾಗಿತ್ತೆಂದು ಅವಳಿಗೆ ಒಳಗೊಳಗೇ ಗೊತ್ತಿತ್ತು. ಅದನ್ನು ಸರಿಸಿ ನೋಡುವ ಧೈರ್ಯ ಇಷ್ಟು ದಿನ ಇರಲಿಲ್ಲ. ಕಾಟಯ್ಯ ಸಮಾಧಾನ ಮಾಡಲು ಬಾರದ ಗಂಡಸು, ನಡುಗುತ್ತ ಪಕ್ಕದಲ್ಲಿ ನಿಂತಿದ್ದ.

ಅಳು ನಿಂತ ಮೇಲೆ ಅವಳು ಮುಖ ಒರೆಸಿಕೊಂಡು ಎದ್ದಳು. 'ನೀನು ಒಳಗೆ ಹೋಗು. ಕದ ಹಾಕಿ ಅಗುಳಿ ಜಡಿ' ಎಂದಳು. ಕಾಟಯ್ಯ ಅವಳ ಮುಖ ನೋಡಿದ, ಒಳಗೆ ಹೋದ. ಅಗುಳಿ ಬಿದ್ದ ಸದ್ದಾಯಿತು. ಬೋರಕ್ಕ ಕಂಬಳಿಯ ಪಕ್ಕದಲ್ಲಿ, ಬಾಗಿಲಿಗೆ ಮುಖ ಮಾಡಿ ನಿಂತಳು. ಹೊರಗಿನಿಂದ ಆ ಬಾಗಿಲು ಎಷ್ಟು ದೊಡ್ಡದಾಗಿ, ಎಷ್ಟು ಮುಚ್ಚಿಕೊಂಡು ಕಾಣುತ್ತದೆ ಎಂದು ಅವಳು ಅಲ್ಲಿಯವರೆಗೆ ನೋಡಿರಲಿಲ್ಲವಂತೆ. ಹಕ್ಕಿ ಹುಳುಗಳ ಸದ್ದು ನಿಂತಿತು. ಮಂಜು ಇನ್ನೂ ದಟ್ಟವಾಯಿತು. ಆಮೇಲೆ ಅವಳ ಎಡಗಿವಿಯ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿ ನಿಂತವರು ಕೂಗಿದಷ್ಟು ಹತ್ತಿರದಿಂದ, ಕೂಗು ಬಂತು: 'ಅಕ್ಕಾ...' ಅವಳು ತಿರುಗಲಿಲ್ಲ. ತನ್ನ ಬಾಯಿಯಿಂದ ಹೊಗೆಯಾಡುವ ಉಸಿರನ್ನು ಕಂಡಳು. ಪಕ್ಕದಲ್ಲಿ ಮಂಜು ಅಲುಗಲಿಲ್ಲ. ಮೆಲ್ಲಗೆ ಕೈ ಚಾಚಿದಳು. ಮುಂಜಾನೆಯ ನೀರಿನ ಹಂಡೆಯಲ್ಲಿ ಅದ್ದಿದ ಹಾಗೆ ಬೆರಳು ಜುಮ್ಮೆಂದವು. ಹೆದರಿಕೆಯಾಯಿತು, ಆದರೂ ಹಿಂದಕ್ಕೆ ತೆಗೆಯಲಿಲ್ಲ. ಸಂತೆಯಲ್ಲಿ ಕೂಸಿನ ಕೈ ಹಿಡಿದವಳಂತೆ ಆ ತಣ್ಣನೆಯದನ್ನು ಹಿಡಿದೇ ನಿಂತಳು. ಎಲೆ ಮಡಿಸುವಷ್ಟು ಹೊತ್ತಾದ ಮೇಲೆ ಎರಡನೆಯ ಕೂಗು ಬಂತು. ಮತ್ತೆ ಅಷ್ಟೇ ಹೊತ್ತು ಕಾದಳು. ಆಮೇಲೆ ಎದೆ ತುಂಬ ಉಸಿರು ತೆಗೆದುಕೊಂಡು ಕೋಟೆಯೇ ಕೇಳುವಂತೆ ಕೂಗಿದಳು.

'ಕಾಟಣ್ಣಾ! ಬಾಗ್ಲು ತೆಗಿಯಣ್ಣಾ, ನಾವು ಹೊರಗಿದೀವಿ!'

ಅಗುಳಿ ಸರಿಯಿತು, ಕದ ತೆರೆಯಿತು. ಕಾಟಯ್ಯ ಒಬ್ಬರಿಗೆ ಬಿಡುವಷ್ಟಲ್ಲ, ಇಬ್ಬರಿಗೆ ಬಿಡುವಷ್ಟು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತಿದ್ದ. ಬೋರಕ್ಕ ಹೊಸಿಲಲ್ಲಿ ನಿಂತು, ಮೊದಲು ನೀನು ಎನ್ನುವಂತೆ ಪಕ್ಕಕ್ಕೆ ಸರಿದಳು. ಒಳಗೆ ಸಾಲಾಗಿ ಕೂತಿದ್ದ ನಾಯಿಗಳ ತಲೆಗಳೆಲ್ಲ ಒಟ್ಟಿಗೆ ತಿರುಗತೊಡಗಿದವು. ಬಾಗಿಲಿನಿಂದ ಅಂಗಳಕ್ಕೆ, ಅಂಗಳದಿಂದ ಗುಡಿಸಲಿಗೆ, ಯಾರೋ ನಿಧಾನವಾಗಿ ನಡೆದುಹೋಗುವುದನ್ನು ನೋಡುವ ಹಾಗೆ. ಗುಡಿಸಲಿನ ಒಲೆಯ ಕಡೆ ತಿರುಗಿ ನಿಂತವು, ಬಾಲ ಅಲ್ಲಾಡಿಸಿದವು, ಎದ್ದು ತಮ್ಮ ತಮ್ಮ ಜಾಗಕ್ಕೆ ಹೋದವು. ಬೋರಕ್ಕ ಎರಡು ಬಟ್ಟಲು ಅಂಬಲಿ ಬಗ್ಗಿಸಿದಳು. ಒಂದನ್ನು ಒಲೆಯ ಪಕ್ಕ ಪಾಲಯ್ಯ ಕೂರುತ್ತಿದ್ದ ಕಡೆ ಇಟ್ಟಳು, ಇನ್ನೊಂದನ್ನು ಕಾಟಯ್ಯನ ಕೈಗೆ ಕೊಟ್ಟಳು. ಆವತ್ತೊಂದು ದಿನ ಅವನು ಉಪ್ಪು ಸಾಲದು ಎನ್ನಲಿಲ್ಲ, ಕಣ್ಣೀರೇ ಬೇಕಾದಷ್ಟು ಬಿದ್ದಿತ್ತಲ್ಲ ಎಂದು ಈ ಜಾಗದಲ್ಲಿ ಸಣ್ಣತಿಮ್ಮಕ್ಕ ನಗುತ್ತಾಳೆ. ಒಲೆಯ ಪಕ್ಕದ ಬಟ್ಟಲನ್ನು ನಡುಹಗಲಿಗೆ ನೋಡಿದಾಗ ಮೇಲೆ ಕಟ್ಟಿದ ಕೆನೆ ಎಲ್ಲಿಯೂ ಒಡೆದಿರಲಿಲ್ಲ. ಒಳಗೆ ಅಂಬಲಿ ಮಾತ್ರ ಇರಲಿಲ್ಲ ಎನ್ನುತ್ತಾರೆ.

ಅಲ್ಲಿಂದ ಮುಂದೆ ಮಂಜಿನಲ್ಲಿ ಯಾರೂ ಕೂಗಲಿಲ್ಲ. ಗುಡ್ಡ ತನ್ನ ಹಳೆಯ ಹೆಸರನ್ನು ಕಳೆದುಕೊಂಡಿತು, ಆ ಹೆಸರು ಏನಿತ್ತೆಂದು ಈಗ ಯಾರಿಗೂ ನೆನಪಿಲ್ಲ. ಬೋರಕ್ಕನೂ ಕಾಟಯ್ಯನೂ ಅಕ್ಕಪಕ್ಕದಲ್ಲೇ ಮುದುಕರಾದರು. ತಮ್ಮ ಹೋದ ದುಃಖ ಅವಳಿಗೆ ಹೋಯಿತೆಂದು ಯಾರೂ ಹೇಳುವುದಿಲ್ಲ. ಪ್ರತಿ ಮಾಗಿಯಲ್ಲೂ ಅಳುತ್ತಿದ್ದಳು, ಆದರೆ ಅಳುವಾಗ ಪಕ್ಕದಲ್ಲಿ ಒಬ್ಬ ಅಣ್ಣ ಕೂತಿರುತ್ತಿದ್ದ. ಕಾಟಯ್ಯ ತೀರಿಕೊಂಡ ದಿನ ಅವಳು ಆ ದಿಡ್ಡಿ ಬಾಗಿಲಿನ ಎರಡೂ ಕದಗಳನ್ನು ಕಳಚಿಸಿ ಅವನ ಚಿತೆಗೆ ಒಟ್ಟಿಸಿದಳು. ನಾಯಕನ ಮನೆಯವರು ಬೇಡವೆಂದು ಹೇಳಿ ಕಳಿಸಿದರಂತೆ. ಕದ ಬೇಕಾದವರು ಬಂದು ಕಾವಲು ಕೂತ್ಕಳ್ಳಲಿ ಎಂದಳಂತೆ ಮುದುಕಿ. ಯಾರೂ ಬರಲಿಲ್ಲ.

ಈಗ ಹೋದವರಿಗೆ ಅಲ್ಲಿ ಕಾಣುವುದು ಇಷ್ಟೇ. ಹೊಸಿಲಿನಲ್ಲಿ ಕದ ತಿರುಗುತ್ತಿದ್ದ ಎರಡು ಗುಳಿಗಳು, ಮಳೆಗಾಲದಲ್ಲಿ ಅವುಗಳಲ್ಲಿ ನೀರು ನಿಂತು ಗುಬ್ಬಿಗಳು ಕುಡಿಯುತ್ತವೆ. ಬಲಗಡೆಯ ನಿಲುವುಗಲ್ಲು ಹೊರಮೈಯಲ್ಲಿ ಎದೆಮಟ್ಟದಲ್ಲಿ ನುಣುಪಾಗಿದೆ, ಹತ್ತಿ ಬಂದವರೆಲ್ಲ ಅಲ್ಲಿ ಕೈಯಿಟ್ಟು ದಮ್ಮು ಆರಿಸಿಕೊಳ್ಳುತ್ತಾರೆ. ಅಣ್ಣತಮ್ಮಂದಿರು ಅಕ್ಕತಂಗಿಯರು ಮಾತು ಬಿಟ್ಟಿದ್ದರೆ ಒಬ್ಬರು ಒಳಗೆ ಒಬ್ಬರು ಹೊರಗೆ ನಿಂತು ಹೆಸರು ಹಿಡಿದು ಕರೆದುಕೊಳ್ಳುವುದೂ ಉಂಟು. ಇದನ್ನೆಲ್ಲ ನಾನು ನಂಬುತ್ತೇನೆಯೇ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ನಾನು ವಿಜ್ಞಾನ ಕಲಿಸಿದವನು.

ಕಳೆದ ಮಾಗಿಯಲ್ಲಿ ಮಂಜು ನೋಡಲೆಂದು ನಸುಕಿನಲ್ಲೇ ಹತ್ತಿ, ಚಳಿ ತಡೆಯಲಾರದೆ ಇಳಿದು ಬಂದೆ. ಕಾರೇಹಟ್ಟಿಯ ಬೀದಿಯಲ್ಲಿ ಯಾವ ಮನೆ ಯಾವುದೆಂದು ತಿಳಿಯದಷ್ಟು ಮಂಜು ಕವಿದಿತ್ತು. ನಮ್ಮ ರೂಢಿಯಂತೆ ಮೂರು ಸಲ ಕೂಗಲು ಸಿದ್ಧನಾಗಿ, ಅಂದಾಜಿನ ಮೇಲೆ ನಿಂತು, 'ತಿಮ್ಮಕ್ಕಾ' ಎಂದು ಒಂದು ಕೂಗು ಹಾಕಿದೆ. ಎರಡನೆಯದಕ್ಕೆ ಬಾಯಿ ತೆರೆಯುವ ಮೊದಲೇ ಬೀದಿಯ ಎರಡೂ ಕಡೆ ಅಗುಳಿಗಳು ಸರಿದವು. ಒಂದು ಮನೆಯದಲ್ಲ, ಹತ್ತು ಹನ್ನೆರಡು ಮನೆಗಳ ಬಾಗಿಲು ಒಟ್ಟಿಗೆ ತೆರೆದು, ಮಂಜಿನಲ್ಲಿ ಸಾಲಾಗಿ ದೀಪ ಕಂಡವು. ಯಾರು, ಬನ್ನಿ, ಒಳಗೆ ಬನ್ನಿ ಎಂಬ ದನಿಗಳು ಎಲ್ಲ ಕಡೆಯಿಂದ ಬಂದವು. ಇದು ಬೋರಕ್ಕ ಸಾಯುವಾಗ ಊರಿನಿಂದ ಪಡೆದ ಮಾತಂತೆ, ಅಂದಿನಿಂದ ಕಾರೇಹಟ್ಟಿಯಲ್ಲಿ ಯಾರೂ ಕೂಗು ಎಣಿಸುವುದಿಲ್ಲ. ಸಣ್ಣತಿಮ್ಮಕ್ಕ ನನ್ನನ್ನು ಒಲೆಯ ಹತ್ತಿರ ಕೂರಿಸಿ ಕೈಗೆ ಅಂಬಲಿ ಕೊಟ್ಟಳು. ಮೊದಲ ಕೂಗಿಗೇ ಹೀಗೆ ತೆಗೆದುಬಿಡುತ್ತೀರಲ್ಲ, ಬಂದದ್ದು ಮನುಷ್ಯನಲ್ಲದಿದ್ದರೆ ಏನು ಗತಿ ಎಂದು ಕೇಳಿದೆ.

'ದೆವ್ವ ಆದ್ರೆ ದೆವ್ವ, ಒಂದು ಬಟ್ಟಲು ಅಂಬಲಿ ಕುಡ್ಕಂಡು ಹೋಗ್ತದೆ' ಎಂದಳು ಮುದುಕಿ. 'ನಮ್ಮೋರು ಹೊರಗೆ ನಿಂತಿರಬಾರ್ದು ಮೇಷ್ಟ್ರೆ.'